ಚಾಂಗ್‌ಶುನ್‌ನ ಹೆಸರಿನ ಬೋಬೋ

ಬೈಶಾವಾನ್ ಹಳ್ಳಿ, ರೊಂಗ್‌ಚೆಂಗ್ ಕರಾವಳಿ
ಧಾನ್ಯಮಳೆ ಹಬ್ಬದ ಮರುದಿನ, ಏಪ್ರಿಲ್ 21, 1993

ಪ್ರೀತಿಯ ಚುನ್‌ನೀ,

ಹೇಗಿದ್ದೀಯಮ್ಮ? ಕೆಮ್ಮು ಇಳಿಯಿತೇ? ಪೇರ್ ಹಣ್ಣನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿ ಕುಡಿ ಎಂದಿದ್ದೆ, ಕುಡಿದೆಯೋ ಇಲ್ಲವೋ. ನಿನಗೆ ಸಿಹಿ ಸೇರುವುದಿಲ್ಲವೆಂದು ಬಲ್ಲೆ, ಆದರೂ ಔಷಧಿ ಎಂದುಕೊಂಡು ಕಣ್ಣು ಮುಚ್ಚಿ ಕುಡಿದುಬಿಡು. ನಿನ್ನಮ್ಮನ ಮಂಡಿನೋವು ಹೇಗಿದೆ? ನಿಮ್ಮ ಗುಡ್ಡದ ಕಡೆ ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ಇಲ್ಲಿ ನಾವಿಬ್ಬರೂ ಸಮುದ್ರತಾಯಿಯ ದಯೆಯಿಂದ ನಡೆದಾಡಿಕೊಂಡಿದ್ದೇವೆ. ನಿನ್ನ ಮಾವನಿಗೆ ಮಾತ್ರ ಊಟ ರುಚಿಸುತ್ತಿಲ್ಲ. ದಿನವಿಡೀ ಹರಿದ ಬಲೆ ಹೆಣೆಯುತ್ತ ಕೂರುತ್ತಾರೆ. ಯಾರ ಬಲೆ ಅದು ಎಂದರೆ ಇನ್ನೊಂದು ಗಂಟು ಹಾಕುತ್ತಾರೆ.

ನಿನ್ನಮ್ಮ ಬಸ್ ಡ್ರೈವರ್ ಸುಂಗ್‌ನ ಬಾಯಲ್ಲಿ ಕಳಿಸಿದ ಮಾತು ಬಂದು ಮುಟ್ಟಿತು. ಸೇಬುತೋಟದ ವೆಯ್ ಮನೆಯವರು ತಮ್ಮ ಹುಡುಗನಿಗೆ ನಿನ್ನನ್ನು ಕೇಳಿಕೊಂಡು ಬಂದಿದ್ದರಂತೆ. ನೀನು ‘ನಮ್ಮತ್ತೆ ನಮ್ಮ ಯಜಮಾನರ ಹೆಸರಿನ ಬೋಬೋಗೆ ಕೆಂಪು ಬೊಟ್ಟು ಇಡ್ತಾ ಇರೋವರೆಗೂ ನಾನು ಆ ಮನೆ ಸೊಸೆನೇ, ಇನ್ನು ಯಾರೂ ಈ ಮಾತು ಎತ್ತಬೇಡಿ’ ಎಂದು ಎದ್ದು ಒಳಗೆ ಹೋದೆಯಂತೆ. ಸುಂಗ್ ಮಹಾರಾಯ ಇದನ್ನು ಗುಟ್ಟಾಗಿ ಹೇಳಿದನೆಂದುಕೊಂಡೆಯಾ? ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ. ಮೀನಿನ ಬುಟ್ಟಿ ಹಿಡಿದ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡಿದರು. ನಾನು ‘ನೀನು ಬ್ರೇಕು ನೋಡ್ಕೊಳ್ಳಪ್ಪ’ ಎಂದು ಇಳಿದುಬಂದೆ. ಆದರೆ ಆ ಮಾತು ನನ್ನ ಜೊತೆಯಲ್ಲೇ ಇಳಿದು ಮನೆಗೆ ಬಂತು. ಹಬ್ಬಕ್ಕೆ ಹಿಟ್ಟು ನೆನೆಹಾಕುವ ಹೊತ್ತಿಗೂ ಅದು ಎದೆಯಿಂದ ಕದಲಲಿಲ್ಲ.

ನಮ್ಮೂರ ರೀತಿ ನಿನಗೆ ಗೊತ್ತೇ ಇದೆ. ಹೊಸವರ್ಷಕ್ಕೂ ಧಾನ್ಯಮಳೆಗೂ ಪ್ರತಿ ಮನೆಯಿಂದಲೂ ಕಡಲಿಗಿಳಿದ ಗಂಡಸರ ಹೆಸರಿಗೆ ಗೋಧಿಹಿಟ್ಟಿನ ಉಂಡೆ ಕಟ್ಟಿ, ಒಂದೊಂದು ದೊಡ್ಡ ಬೋಬೋ ಹಬೆಯಲ್ಲಿ ಬೇಯಿಸಿ ಸಮುದ್ರತಾಯಿಯ ಮುಂದಿಡಬೇಕು. ಬೊಟ್ಟು ಇದ್ದರೆ ಅವನು ನೀರಿನ ಮೇಲಿದ್ದಾನೆ, ಕಾಪಾಡು ತಾಯಿ ಎಂದು. ಬೊಟ್ಟಿಲ್ಲದ ಬಿಳಿ ಬೋಬೋ ತೀರಿಹೋದವರ ಪಾಲಿನದು. ಚಾಂಗ್‌ಶುನ್ ಹೋದ ದೋಣಿ ಚಳಿಗಾಲದ ಮೊದಲ ಬಿರುಗಾಳಿಯಲ್ಲಿ ಕಾಣೆಯಾದ ಮೇಲೆ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಅವನ ಜೊತೆಗಾರರ ಮನೆಗಳಲ್ಲಿ ಹೊಸವರ್ಷಕ್ಕೇ ಬಿಳಿಯದನ್ನು ಇಟ್ಟರು. ನಾನೊಬ್ಬಳೇ ಕೆಂಪಿಟ್ಟೆ. ಆವತ್ತು ನೀನು ಒಲೆಯ ಮುಂದೆ ತಿದಿ ಎಳೆಯುತ್ತ ಕೂತಿದ್ದೆ. ತಿದಿಯ ಸದ್ದು ನಿಂತಿತು. ಆ ತಿಂಗಳು ಕಳೆಯುವುದರೊಳಗೆ ಅಮ್ಮನನ್ನು ನೋಡಿಬರುತ್ತೇನೆಂದು ನೀನು ಹೊರಟೆ.

ಈ ಸಲ ಹಿಟ್ಟು ಬಹಳ ಸತಾಯಿಸಿತು. ಹುದುಗಿಗೆಂದು ಎತ್ತಿಟ್ಟ ಹಳೆ ಹಿಟ್ಟಿನ ಗಟ್ಟಿಯನ್ನು ಬೆಚ್ಚನೆಯ ನೀರಲ್ಲಿ ಕದಡಿ ಗೋಧಿಹಿಟ್ಟಿಗೆ ಕಲಸಿ, ಒಲೆಯ ಶಾಖ ಹಾಯುವ ಮಲಗುವ ಜಗಲಿಯ ಮೇಲೆ ಚಾಂಗ್‌ಶುನ್‌ನ ಹಳೆಯ ಹತ್ತಿ ಕೋಟು ಹೊದಿಸಿಟ್ಟರೂ ಮಿಸುಕಲಿಲ್ಲ. ಜೊತೆಗೆ ನಾದಲು ಬೀ ಮನೆಯ ಅಕ್ಕ ಬಂದಿದ್ದಳು. ಪಾಪ, ಅವಳ ಗಂಡನೂ ಅದೇ ದೋಣಿಯಲ್ಲಿದ್ದವನು. ಆದರೂ ಅವಳ ಬಾಯಿ ಸುಮ್ಮನಿರುತ್ತದೆಯೇ? ‘ಅಯ್ಯೋ ನಮ್ಮಮ್ಮಾ, ಹಾಗೆ ದುರುಗುಟ್ಟಿಕೊಂಡು ನೋಡಿದ್ರೆ ಹಿಟ್ಟು ಹೆದರ್ಕೊಂಡು ಒಳಗೇ ಕೂರುತ್ತೆ, ಏಳೇ ಆಚೆ’ ಎಂದು ನನ್ನ ತೋಳು ಹಿಡಿದು ಎಬ್ಬಿಸಿದಳು. ನಿಜಕ್ಕೂ ನಾನು ಆಚೆ ಹೋಗಿ ಬಂದ ಮೇಲೆ ಉಬ್ಬಿತ್ತು. ಸೋಡಾ ಹಾಕಿ, ತೋಳು ಸೋಲುವಷ್ಟು ನಾದಿ, ಚಿವುಟಿ ಎತ್ತಿದ ಸೀಳುಗಳಲ್ಲಿ ಒಣ ಎಲಚಿ ಸಿಕ್ಕಿಸಿ, ಹಬೆಪಾತ್ರೆಯಲ್ಲಿ ಜೋಳದ ಸಿಪ್ಪೆಯ ಮೇಲೆ ಕೂರಿಸಿದೆವು. ಮುಚ್ಚಳ ತೆಗೆದರೆ ಚಾಂಗ್‌ಶುನ್‌ನದು ನೆತ್ತಿಯಲ್ಲಿ ಬಾಯಿಬಿಟ್ಟಿತ್ತು. ಹಬ್ಬದ ದಿನ ಬಿರಿಯಿತು ಎನ್ನಬಾರದಲ್ಲ, ಇಬ್ಬರೂ ಒಟ್ಟಿಗೆ ‘ನಕ್ಕಿದೆ’ ಎಂದೆವು. ಅಕ್ಕ ‘ನಗಲಿ ಬಿಡು, ಅವನು ಯಾವತ್ತು ಮುಖ ಬಿಗಿದುಕೊಂಡಿದ್ದ?’ ಎಂದಳು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ. ನಕ್ಕ ಮೇಲೆ ನಿಲ್ಲಿಸಲು ಆಗಲಿಲ್ಲ, ಅಳುವಾಯಿತು.

ಆಗ ಅವಳು ದನಿ ತಗ್ಗಿಸಿ ಹೇಳಿದಳು, ‘ಬಿಳೀದು ಇಟ್ಟ ದಿನ ನಮ್ಮ ಯಜಮಾನರನ್ನ ನನ್ನ ಕೈಯಾರೆ ನೀರಿಗೆ ತಳ್ಳಿದ ಹಾಗಾಯ್ತು. ಮಾರನೇ ದಿನ ನಿದ್ದೆ ಬಂತು ಕಣೆ.’ ನಾನು ಕೆಂಪು ಬಣ್ಣದ ಬಟ್ಟಲು ಹಿಡಿದು ನಿಂತೇ ಇದ್ದೆ. ಬೊಟ್ಟು ಇಟ್ಟರೆ ನೀನು ಅಲ್ಲಿ ಅರ್ಧ ಸೊಸೆ ಅರ್ಧ ಮಗಳಾಗಿ ಬಾಗಿಲ ಕಡೆ ನೋಡುತ್ತ ಕೂರಬೇಕು. ಇಡದಿದ್ದರೆ ಹೆತ್ತವಳೇ ಅವನನ್ನು ಕೈಬಿಟ್ಟ ಹಾಗೆ. ನಾಳೆ ಅವನು ಒದ್ದೆ ಬಟ್ಟೆಯಲ್ಲಿ ಬಂದು ನಿಂತು ‘ಅಮ್ಮಾ, ನನ್ನದೆಲ್ಲಿ?’ ಎಂದರೆ ಏನೆನ್ನಲಿ? ನಿನ್ನ ಮಾವ ಹೊಸಿಲಲ್ಲಿ ನಿಂತು, ನನ್ನ ಮುಖ ನೋಡದೆಯೇ, ‘ಇಡೋದಾದ್ರೆ ಬಿಸಿ ಇದ್ದಾಗ್ಲೇ ಇಡು. ಆರಿದ ಮೇಲೆ ಬಣ್ಣ ಹಿಡಿಯಲ್ಲ’ ಎಂದರು. ಹಾಗೆಂದು ಬಲೆಯ ಕಡೆಗೆ ಹೋದರು.

ಗುಡಿಯಲ್ಲಿ ತುಂಬ ಹೊತ್ತು ಮೊಣಕಾಲೂರಿ ಕೂತಿದ್ದೆ. ಬೇಡಿಕೊಂಡೆ ಎನ್ನುವುದಕ್ಕಿಂತ ತಾಯಿಯೊಡನೆ ಜಗಳವಾಡಿದೆ ಎಂದರೇ ಸರಿ. ಅವಳು ಸಿಟ್ಟಾಗುವವಳಲ್ಲ, ಇಂಥ ಎಷ್ಟು ಹೆಂಗಸರನ್ನು ನೋಡಿಲ್ಲ. ಕೈಹಿಡಿದು ಎಬ್ಬಿಸಲು ಬೀ ಅಕ್ಕ ಪಕ್ಕದಲ್ಲೇ ಇದ್ದಳು. ಬರುವಾಗ ಗಾಳಿ ದಕ್ಷಿಣಕ್ಕೆ ತಿರುಗಿತ್ತು. ದೋಣಿಗಳು ಇವತ್ತು ಬೆಳಗ್ಗೆ ಕಡಲಿಗೆ ಇಳಿದವು.

ಇನ್ನೇನು, ಹಿತ್ತಿಲಲ್ಲಿ ಕಡಲೆಕಾಯಿ ಬಿತ್ತಬೇಕು. ನೀನು ತಂದ ಚುಕ್ಕೆಕೋಳಿ ಕಾವಿಗೆ ಕೂತಿದೆ, ಹತ್ತಿರ ಹೋದರೆ ಮಾವನನ್ನೂ ಕುಕ್ಕುತ್ತದೆ. ನಿನ್ನ ಹಸಿರು ಸ್ವೆಟರ್ ಇಲ್ಲೇ ಉಳಿದಿತ್ತು, ಒಗೆದು ಸುಂಗ್‌ನ ಬಸ್ಸಿನಲ್ಲಿ ಕಳಿಸುವ ಗಂಟಿನಲ್ಲಿಟ್ಟಿದ್ದೇನೆ. ನಿನ್ನಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ಸಮುದ್ರತಾಯಿ ನಿನ್ನ ಮೈಯನ್ನೂ ಮನಸ್ಸನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅತ್ತೆ,
ಚುಂಗ್ ಯೂಝೆನ್

ಮತ್ತೆ: ಸುಂಗ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಬೊಟ್ಟು ಇಡಲಿಲ್ಲ. ಅವನದು ಬಿಳಿಯದಾಗಿಯೇ ಗುಡಿಗೆ ಹೋಯಿತು. ವೆಯ್ ಮನೆಯವರು ಮತ್ತೆ ಬಂದರೆ ಎದ್ದು ಒಳಗೆ ಹೋಗಬೇಡ, ಕೂತು ಮಾತಾಡು. ಹುಡುಗ ಒಳ್ಳೆಯವನಲ್ಲ ಅನ್ನಿಸಿದರೆ ಬೇಡ ಎನ್ನು, ಆದರೆ ನನಗಾಗಿ ಬೇಡ ಎನ್ನಬೇಡ. ಗಂಟಿನಲ್ಲಿ ಬೊಟ್ಟಿಟ್ಟ ಬೋಬೋ ಒಂದಿದೆ, ಅದು ನಿನ್ನ ಹೆಸರಿನದು. ಕಲಸಿದ ಬಣ್ಣವನ್ನೆಲ್ಲ ಅದಕ್ಕೇ ಇಟ್ಟೆ. ಕಾಗದದಲ್ಲಿ ಸುತ್ತಿರುವುದು ನಮ್ಮ ಮನೆಯ ಹಳೆ ಹಿಟ್ಟು, ನಮ್ಮತ್ತೆ ನನಗೆ ಕೊಟ್ಟದ್ದು. ಯಾವ ಮನೆಯ ಒಲೆ ಹಚ್ಚಿದರೂ ಇದರಲ್ಲೇ ಕಲಸು. ಸೋಡಾ ಮಾತ್ರ ನೋಡಿ ಹಾಕಮ್ಮ, ನಿನ್ನ ಕೈ ಯಾವಾಗಲೂ ಜಾಸ್ತಿ.