ಹೊಸ್ತಿಲಿಲ್ಲದ ಶೆಡ್ಡು

ಸೋಮವಾರ, 19 ಜೂನ್ 2006, ರಾಣೆಬೆನ್ನೂರು

ನಮ್ಮ ಸೋಲಾರ್ ಲಾಂಟರ್ನ್ ಪಾಸಾಯಿತು! ಬೆಂಗಳೂರಿನ ಲ್ಯಾಬಿನಿಂದ ಈಗಷ್ಟೇ ಫೋನ್. ಒಂದು ದಿನದ ಬಿಸಿಲಿಗೆ ನಾಲ್ಕು ತಾಸು ಉರಿದರೆ ಸಾಕಿತ್ತು, ನಮ್ಮದು ಐದು ತಾಸು ಹತ್ತು ನಿಮಿಷ ಉರಿದಿದೆ. ಆ ಹತ್ತು ನಿಮಿಷದ ಮೇಲೆ ನನಗೆ ಎಷ್ಟು ಪ್ರೀತಿ. ಕೊಟ್ರೇಶ್ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ — ಮದುವೆಯಾಗಿ ನಲವತ್ತು ದಿನ, ಇವತ್ತೇ ಕಂಡದ್ದು. ಇಷ್ಟು ದಿನ ಪೂರ್ತಿ ನಕ್ಕೇ ಇರಲಿಲ್ಲ ಅಂತ ಕಾಣುತ್ತದೆ.

ಇನ್ನು ಒಂದೇ ಮೆಟ್ಟಿಲು. ಸಬ್ಸಿಡಿ ಆಫೀಸಿನವರು ದೀಪ, ಕಾಗದ, ಬಾಕ್ಸ್ ಎಲ್ಲ ನೋಡಿ ಸಹಿ ಹಾಕಿದರೆ ನಮ್ಮ ಹೆಸರು ಸರ್ಕಾರದ ಪಟ್ಟಿಗೆ. ಆಗ ಹಳ್ಳಿಯವರಿಗೆ ನಮ್ಮ ಸೋಲಾರ್ ದೀಪ ಅರ್ಧ ಬೆಲೆಗೆ, ಉಳಿದರ್ಧ ಸಬ್ಸಿಡಿ. ಈ ದೇಶದಲ್ಲೇ ತಯಾರಾದ ಮಾಲಿಗೆ ಮಾತ್ರ. ಜುಲೈ ಕೊನೆಗೆ ಪಟ್ಟಿ ಬಂದ್. ಹೆಸರು ಬರದಿದ್ದರೆ... ಬಜಾರಿನಲ್ಲಿ ಚೈನಾ ದೀಪ ಸಾಲಾಗಿ ನೇತಾಡುತ್ತಿವೆ. ನಾವು ಬಲ್ಬು ತರಿಸಿದರೆ ತೆರಿಗೆ, ತಂತಿ ತರಿಸಿದರೆ ತೆರಿಗೆ. ಅವರ ಪೂರಾ ದೀಪ ನಮ್ಮ ಬಿಡಿಭಾಗಕ್ಕಿಂತ ಅಗ್ಗ. ಅದು ಹೇಗೆ ಅಂತ ಕೊಟ್ರೇಶ್‌ಗೆ ಕೇಳಿದೆ.

“ಅದನ್ನ ದಿಲ್ಲಿಯವರನ್ನ ಕೇಳಬೇಕು. ನನ್ನ ಕೇಳಿದ್ರ ಬರೇ ದೀಪ ಮಾಡೂದ ಹೇಳತೇನಿ” ಅಂದರು.

ಬಾಕ್ಸಿನ ಮೇಲಿನ ಇಂಗ್ಲಿಷೆಲ್ಲ ನನ್ನದು. ಮೂಡುವ ಸೂರ್ಯ, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಜಪಾನ್ ಟೆಕ್ನಾಲಜಿ’. ಐಡಿಯಾ ಅಪ್ಪನದು. ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕ್ ಅಂಗಡಿ ಇಟ್ಟವರು, ಗಿರಾಕಿಯ ಮನಸ್ಸು ಗೊತ್ತು. ಎಷ್ಟು ಚಂದ ಕಾಣುತ್ತದೆ.

ಶನಿವಾರ, 24 ಜೂನ್

ಆಷಾಢ. ನನಗೆ ಬೇಡವಾದ ಆಷಾಢ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ನಾಡಿದ್ದಿನಿಂದ ಆಷಾಢ ಶುರು, ಹಾಗಾಗಿ ಇವತ್ತೇ ತವರಿಗೆ. ಮೊದಲ ವರ್ಷ ಅತ್ತೆ-ಸೊಸೆ ಆಷಾಢದಲ್ಲಿ ಒಂದೇ ಹೊಸ್ತಿಲು ದಾಟಬಾರದಂತೆ. ವಾದ ಮಾಡಿದೆ. ಅತ್ತೆ ಬುತ್ತಿ ಕಟ್ಟುವುದನ್ನು ನಿಲ್ಲಿಸಲೇ ಇಲ್ಲ.

“ನಿನ್ನ ಕಳಸಾಕ ನನಗೇನ ಹೌಸ ಐತೇನವಾ? ನಮ್ಮತ್ತಿ ನನ್ನ ಕಳಸಿದ್ಲು, ನಾ ನಿನ್ನ ಕಳಸತೇನಿ. ತಿಂಗಳೊಪ್ಪತ್ತು. ಹೋಗಿ ಹೊಟ್ಟಿತುಂಬ ಉಂಡ ಬಾ.”

ಕೊಟ್ರೇಶ್ ಬಾಗಿಲಲ್ಲಿ ನಿಂತು, “ಬ್ಯಾಡಗಿ ಏನ ದುಬೈ ಅಲ್ಲ ಬಿಡು” ಅಂದರು. ಗುಳಿ ಕಾಣಲಿಲ್ಲ.

ದೀಪ ಮಾಡುವ ನಮ್ಮ ಶೆಡ್ಡಿಗೆ ಹೋಗಿ ಬಿಸ್ಮಿಲ್ಲಾಬಿಗೂ ಹೇಳಿ ಬಂದೆ. ದೀಪದೊಳಗಿನ ಸಣ್ಣ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವವರು ಅವರು. ಸುತ್ತುತ್ತಿರುವಾಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಎಣಿಕೆ ತಪ್ಪುತ್ತದೆ. ಸುತ್ತಿ ಮುಗಿಸಿ, ಉಳಿದ ತಾಮ್ರದ ತಂತಿ ತಿರುವಿ ನನ್ನ ಬೆರಳಿಗೆ ಉಂಗುರ ಹಾಕಿದರು. “ಗಂಡನ ನೆನಪಾದ್ರ ಇದನ್ನ ತಿರುವು.” ಬಸ್ಸಿನಲ್ಲಿ ದಾರಿ ಪೂರ್ತಿ ತಿರುವಿದೆ.

ಗುರುವಾರ, 29 ಜೂನ್, ಬ್ಯಾಡಗಿ

ಅಪ್ಪನ ಅಂಗಡಿಯಲ್ಲಿ ಕುಳಿತಿದ್ದೆ. ಚೈನಾ ದೀಪ ಕೈಯಲ್ಲಿ ಹಿಡಿದು ನೋಡಿದೆ. ಹಗುರ, ನುಣುಪು, ನೀಲಿ ಹಿಡಿಕೆ. ಸುಳ್ಳು ಯಾಕೆ ಹೇಳಲಿ, ಚಂದ ಇದೆ. ಕದರಮಂಡಲಗಿ ಊರಿನ ಗಿರಾಕಿಯೊಬ್ಬರು ಬಂದರು. ಅಪ್ಪ ಎರಡೂ ತೋರಿಸಿದರು. ಅವರು ನಮ್ಮ ಬಾಕ್ಸ್ ತಿರುಗಿಸಿ, “ಜಪಾನದ್ದೇನ್ರಿ? ಮಾಲ ಚೊಲೋ ಇರತೈತಿ” ಅಂದರು. ಬೆಲೆ ಕೇಳಿದರು. ಚೈನಾದ್ದನ್ನು ಒಯ್ದರು.

ಅಪ್ಪ ಮೆಲ್ಲಗೆ ಶುರುಮಾಡಿದರು. “ಈ ಚೈನಾ ದೀಪದ ಹುಬ್ಬಳ್ಳಿ ಸಪ್ಲಾಯರ್ ರಾಣೆಬೆನ್ನೂರಿಗೆ ಏಜೆಂಟ್ ಹುಡುಕಾಕತ್ತಾನ. ಅಳಿಯಂದ್ರಿಗೆ ಹೇಳವಾ. ಮಾಡಿ ಮಾರೂದ ಯಾಕ, ತರಿಸಿ ಮಾರಿದ್ರ ಸಾಕಲ್ಲ?”

“ಮತ್ತ ಬಿಸ್ಮಿಲ್ಲಾಬಿ ಏನ ಮಾಡಬೇಕಪ್ಪಾ?”

“ಯಾರಾಕಿ?”

ಉಂಗುರ ತಿರುವಿದೆ.

ಶುಕ್ರವಾರ, 7 ಜುಲೈ

ಕೊಟ್ರೇಶ್ ಫೋನ್. ಆಫೀಸಿನಿಂದ ಪತ್ರ ಬಂದಿದೆ. ಬಾಕ್ಸಿನ ಮೇಲೆ ‘ಜಪಾನ್ ಟೆಕ್ನಾಲಜಿ’ ಎಂದಿರುವುದರಿಂದ ಇದು ಹೊರಗಿನಿಂದ ತಂದು ಡಬ್ಬಿ ಬದಲಿಸಿದ ಮಾಲು ಎಂದು ಅನುಮಾನ. ಪಟ್ಟಿಗೆ ಸೇರಿಸಲಾಗದು.

ನನ್ನ ಬಾಕ್ಸ್. ನನ್ನ ಬಂಗಾರದ ಅಕ್ಷರ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀ ಬರದಿ, ಖರೇ. ಬರೀ ಅಂದಾಂವ ನಾನ” ಅಂದರು. ಆಮೇಲೆ, ಹೋದ ವಾರ ನಾನೇ ಹೇಳಿದ್ದ ಆ ಹುಬ್ಬಳ್ಳಿ ಸಪ್ಲಾಯರನ ನಂಬರ್ ಅಪ್ಪನ ಹತ್ತಿರ ಇದೆಯಾ ಅಂತ ಕೇಳಿದರು.

ಇದೆ ಅಂದೆ. ಕೊಡಲಿಲ್ಲ.

ಬುಧವಾರ, 12 ಜುಲೈ

ಐದು ದಿನ ಏನೂ ಬರೆಯಲಿಲ್ಲ. ಆಫೀಸಿಗೆ ಪತ್ರ ಬರೆಯುತ್ತಿದ್ದೆ. ಮೊದಲನೆಯದು ಇಂಗ್ಲಿಷಿನಲ್ಲಿ ನಾಲ್ಕು ಪುಟ, ಕಾನ್ವೆಂಟಿನ ಎಲ್ಲ ದೊಡ್ಡ ಪದಗಳೂ ಇದ್ದವು. ಓದಿದರೆ ಬಾಕ್ಸಿನ ಹಾಗೇ ಇತ್ತು. ಹರಿದೆ. ಕೊನೆಗೆ ಅರ್ಧ ಪುಟ. ಬಲ್ಬು ಚೈನಾದ್ದು, ಪ್ಯಾನೆಲ್ ಬೆಂಗಳೂರಿನದು, ಉಳಿದ ಕೆಲಸವೆಲ್ಲ ನಮ್ಮ ಶೆಡ್ಡಿನಲ್ಲೇ ಆಗುತ್ತದೆ. ಜಪಾನ್ ಎಂದು ಬರೆದವಳು ನಾನು, ಅದು ಸುಳ್ಳು. ದಯಮಾಡಿ ಬಂದು ನೋಡಿ. ಕೊಟ್ರೇಶ್‌ಗೆ ಫೋನಿನಲ್ಲಿ ಓದಿ ಹೇಳಿದೆ. “ಕಳಸು” ಅಂದರು, ಅಷ್ಟೇ. ಹಾವೇರಿಗೆ ಹೋಗಿ ಅವರ ಜಿಲ್ಲಾ ಆಫೀಸಿನಲ್ಲಿ ಕೈಯಾರೆ ಕೊಟ್ಟು ಬಂದೆ.

ಸೋಮವಾರ, 17 ಜುಲೈ

ಬರುತ್ತಾರೆ. ಗುರುವಾರ. ಬೆಂಗಳೂರಿನಿಂದ ಆಫೀಸರ್ ಮೇಡಂ. ಬಾಕ್ಸ್ ಬರೆದವರೂ ಹಾಜರಿರಬೇಕಂತೆ.

ಬಿಸ್ಮಿಲ್ಲಾಬಿ, ಸುದ್ದಿ ಹೇಳುತ್ತಿದ್ದ ಕೊಟ್ರೇಶ್ ಕೈಯಿಂದ ಫೋನ್ ಕಸಿದುಕೊಂಡರು. “ಆಕಿ ಎದುರಿಗೇ ಸುತ್ತತೇನಿ, ಕುಂತ ಎಣಸಲಿ. ಜಪಾನದಾಗ ಬಿಸ್ಮಿಲ್ಲಾಬಿ ಅನ್ನಾಕಿ ಯಾರರ ಅದಾಳೇನ ಕೇಳವಾ ಮೇಡಮ್ಮಗ.”

ಆದರೆ ಆಷಾಢ ಮುಗಿಯಲು ಇನ್ನೂ ಎಂಟು ದಿನ. ಫೋನ್ ಅತ್ತೆಯ ಕೈಗೆ ಹೋಯಿತು.

“ಮನಿಗೆ ಹೊಸ್ತಿಲ ಐತಿ. ಶೆಡ್ಡಿಗೆ ಎಲ್ಲೈತಿ? ಶಟರ್ ಎತ್ತಿದ್ರ ಬಾಗಲಾ, ಇಳಿಸಿದ್ರ ಗ್ವಾಡಿ. ಬಾ. ಬಿಸ್ಮಿಲ್ಲಾಬಿ ಮನ್ಯಾಗ ಇಳಕೋ. ನಾ ಆ ಕಡೆ ಹಾಯೂದಿಲ್ಲ.”

“ಮತ್ತ ಊಟ, ಅತ್ತಿ?”

“ಡಬ್ಬಿ ಕಳಸತೇನಿ. ಅದರ ಮ್ಯಾಲ ಜಪಾನ ಅಂತ ಬರದಿರೂದಿಲ್ಲ, ಹೆದರಬ್ಯಾಡ.”

ನಕ್ಕು ನಕ್ಕು ಅಳು ಬಂತು.

ಬುಧವಾರ, 19 ಜುಲೈ, ಸಂಜೆ

ಅಪ್ಪ ಮಧ್ಯಾಹ್ನ ಅಂಗಡಿ ಬಿಟ್ಟು ಎಲ್ಲೋ ಹೋಗಿದ್ದರು. ಬರುವಾಗ ಕೈಯಲ್ಲಿ ಕಟ್ಟು. ಮೆಣಸಿನಕಾಯಿ ಚೀಲದ ಲೇಬಲ್ ಹೊಡೆಯುವ ಪ್ರೆಸ್ಸಿನಲ್ಲಿ ಮಾಡಿಸಿದ ಇನ್ನೂರು ಸ್ಟಿಕರ್. ಕೆಂಪು ಶಾಯಿ. ‘ತಯಾರಿಕೆ: ರಾಣೆಬೆನ್ನೂರು.’ ಬಂಗಾರದ ಅಕ್ಷರ ಮುಚ್ಚುವಷ್ಟೇ ಅಗಲ. ಮೂಸಿದರೆ ಸೀನು ಬರುತ್ತದೆ.

“ಇದನ್ನ ನೋಡಿ ಯಾರ ತಗೋತಾರೋ ನಾ ಕಾಣೆ” ಅಂದರು. ನಾನು ಒಂದು ಸ್ಟಿಕರ್ ತೆಗೆದು ಅಂಗಡಿಯಲ್ಲಿದ್ದ ನಮ್ಮ ಬಾಕ್ಸಿಗೆ ಅಂಟಿಸಿದೆ. ಅಪ್ಪ ಆ ಬಾಕ್ಸನ್ನು ನೀಲಿ ಹಿಡಿಕೆಗಳ ಮುಂದಕ್ಕೆ ಸರಿಸಿಟ್ಟರು. ಸಪ್ಲಾಯರನ ಮಾತು ತೆಗೆಯಲಿಲ್ಲ.

ನಾಳೆ ಮೇಡಂ ಹತ್ತೂವರೆಗೆ ಬರುತ್ತಾರೆ. ಅಷ್ಟರಲ್ಲಿ ಎಲ್ಲ ಬಾಕ್ಸಿಗೂ ಅಂಟಿಸಬೇಕು. ಆಮೇಲೆ ಅವರ ಮುಂದೆ ನಿಂತು, ಬರೆದವಳು ನಾನು ಅಂತ ಹೇಳಬೇಕು. ಕನ್ನಡದಲ್ಲೇ ಹೇಳುತ್ತೇನೆ. ಸಹಿ ಹಾಕುತ್ತಾರೋ ಇಲ್ಲವೋ, ಗೊತ್ತಿಲ್ಲ. ಕೊಟ್ರೇಶ್ ಸ್ಟೇಷನ್ನಿಗೆ ಬರುತ್ತೇನೆ ಅಂದಿದ್ದಾರೆ, ಅಲ್ಲೂ ಹೊಸ್ತಿಲಿಲ್ಲವಂತೆ. ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೇನೆ, ಮರೆಯದಿರಲಿ ಅಂತ — ಗುರುವಾರ, ಹುಬ್ಬಳ್ಳಿ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್, ಹಿಂದಿನ ಡಬ್ಬಿಯಲ್ಲಿ ನಾನು...