ಕಾಫಿ ಕುಡಿದ ಮೇಲಿನ ಮಾತು

ಹಿಲ್ಡೆ ಅತ್ತಿಗೆ,

ನಾನು ಅಮ್ಮನ ಮನೆಗೆ ಹೋಗಿದ್ದೇನೆ. ಅಪ್ಪ ತೀರಿಕೊಂಡು ಇವತ್ತಿಗೆ ಮೂರು ದಿನ, ನಮ್ಮ ಮಾದಬಾ ಊರಿನ ಹೆಂಗಸರೆಲ್ಲ ಬರುತ್ತಾರೆ. ಮಧ್ಯಾಹ್ನ ಅಣ್ಣನ ಜೊತೆ ಬನ್ನಿ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಡಿ.

ನನ್ನ ಕಪ್ಪು ನಿಲುವಂಗಿ ಬಾಗಿಲ ಹಿಂದಿದೆ, ಹಾಕಿಕೊಳ್ಳಿ. ಆ ಹೂವಿನ ಸ್ಕಾರ್ಫ್ ಬೇಡ. ಸೆಂಟಂತೂ ಬೇಡವೇ ಬೇಡ. ಗಂಡಸರ ಕೈ ಕುಲುಕಬೇಡಿ, ಎದೆಯ ಮೇಲೆ ಕೈಯಿಟ್ಟರೆ ಸಾಕು.

ಕಹಿ ಕಾಫಿ ಕೊಡುತ್ತಾರೆ, ಸಕ್ಕರೆ ಕೇಳಬೇಡಿ. ಕುಡಿದಾದ ಮೇಲೆ, "ಈ ಮನೇಲಿ ಕಾಫಿ ಸದಾ ಇರ್ಲಿ" ಅನ್ನಬೇಡಿ. ಅಪ್ಪ ಫೋನಿನಲ್ಲಿ ನಿಮಗೆ ಕಲಿಸಿದ್ದು ಮದುವೆ ಮನೆಯ ಮಾತು. ಸಾವಿನ ಮನೆಯಲ್ಲಿ ಹಾಗಂದರೆ ಸಾವೂ ಸದಾ ಇರಲಿ ಅಂದಂತೆ. "ದೇವರು ಅವರಿಗೆ ಕರುಣೆ ತೋರ್ಲಿ" ಅನ್ನಿ.

ಬಾಯಿ ತಪ್ಪಿದರೆ ಗಾಬರಿಯಾಗಬೇಡಿ. ನಿನ್ನೆ ನಾನೇ ಅದನ್ನು ಅಂದುಬಿಟ್ಟೆ. ಅಮ್ಮ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು, ಅಷ್ಟೆ.

ರಸ್ಮಿಯಾ