ಮೂರು ರಾತ್ರಿಯ ಉಸಿರು

ಭಾನುವಾರ, ಬೆಳಗ್ಗೆ

ಪುಟ್ಟಿಗೆ, ಬುಧವಾರ ಫೋನ್ ಕುಕ್ಕಿದ ಅಮ್ಮನ ಆಶೀರ್ವಾದ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ನಡೆದದ್ದು ನಿನಗೆ ತಿಳಿದಿರಲಿ, ಅಷ್ಟೆ.

ನಿಮ್ಮಪ್ಪ ಕ್ರೇನಿನ ಮೇಲೆ ಕೂತು ತೂಕಡಿಸಿದ್ದಕ್ಕೆ, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೋ ಏನೋ ಎಂದು ಆಸ್ಪತ್ರೆಯವರು ಮನೆಗೇ ಒಂದು ಯಂತ್ರ ಕೊಟ್ಟರಲ್ಲ. ಎದೆಗೆ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು. ಮೊದಲ ರಾತ್ರಿ ಗಂಟೆಗೆ ನಾಲ್ಕೇ ಸಲ ನಿಂತಿತ್ತು. ನಾಲ್ಕಾದರೆ ದೋಷವಿಲ್ಲವಂತೆ. "ನೋಡಿದ್ಯೇನೇ, ಗಟ್ಟಿ ಆಳು ನಾನು. ಸೋಮವಾರ ಕ್ರೇನ್ ಹತ್ತೋದೇ" ಎಂದು ಶಿಳ್ಳೆ ಹಾಕುತ್ತ ಬೂಟು ಒರೆಸಿದರು. ಒಂದೇ ರಾತ್ರಿಯನ್ನು ನಂಬಬೇಡಿ, ಇನ್ನೆರಡು ರಾತ್ರಿ ಕಟ್ಟಿ ಎಂದು ನೀನು ಹೇಳಿದೆ. ನೀನೇನು ಡಾಕ್ಟರಾ ಎಂದು ಕೂಗಾಡಿದವಳು ನಾನೇ. ಆದರೂ ಯಂತ್ರ ಹಿಂತಿರುಗಿಸಲಿಲ್ಲ.

ಎರಡನೇ ರಾತ್ರಿ ಪಕ್ಕದಲ್ಲೇ ಎದ್ದು ಕೂತಿದ್ದೆ. ಗೊರಕೆ ಏರಿತು, ಏರುತ್ತಿದ್ದ ಹಾಗೇ ಕಡಿಯಿತು. ಎಣಿಸಿದೆ. ಇಪ್ಪತ್ತೆರಡಾದರೂ ಎದೆ ಅಲ್ಲಾಡಲಿಲ್ಲ. ನಾನೂ ಉಸಿರು ಬಿಗಿಹಿಡಿದಿದ್ದೆ. ಆಮೇಲೆ, ಬಾವಿಯ ತಳ ಮುಟ್ಟಿ ಮೇಲೆ ಬಂದವರಂತೆ, ಒಂದು ಉಸಿರು ಎಳೆದರು. ಯಾರೂ ಕರೆಯದೆ ಅದು ಹೇಗೆ ಮರಳಿತು, ಪುಟ್ಟಿ? ದೇವರ ಮುಂದೆ ಕೂತಾಗಲೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

ಆಸ್ಪತ್ರೆಯ ಹುಡುಗಿ ಲೆಕ್ಕ ತೆಗೆದಳು. ಆ ರಾತ್ರಿ ಗಂಟೆಗೆ ಇಪ್ಪತ್ತೊಂಬತ್ತು ಸಲ. ಮೂರನೆಯದು ಹದಿಮೂರು. ಅದೇ ಮಂಚ, ಅದೇ ದಿಂಬು, ಅದೇ ಮನುಷ್ಯ!

"ಇದ್ರಲ್ಲಿ ಯಾವ್ದಮ್ಮ ನಿಜ?" ಎಂದೆ.

"ಮೂರೂ ನಿಜಾನೇ ಅಮ್ಮ. ಒಂದೊಂದ್ ರಾತ್ರಿ ಒಂದೊಂದ್ ಥರ."

ಮೂವತ್ತೊಂದು ವರ್ಷದಿಂದ ಒಬ್ಬನೇ ಗಂಡಸಿನ ಪಕ್ಕ ಮಲಗಿದ್ದೇನೆ ಅಂದುಕೊಂಡಿದ್ದೆ ನೋಡು.

ವರದಿಯನ್ನು ನಿನ್ನೆ ನಾನೇ ಹೋಗಿ ಅವರ ಮೇಸ್ತ್ರಿಯ ಕೈಗೆ ಕೊಟ್ಟು ಬಂದೆ. ಉಸಿರು ನಿಲ್ಲದಂತೆ ಮಲಗುವಾಗ ಹಾಕಿಕೊಳ್ಳಲು ಆಸ್ಪತ್ರೆಯವರು ಹೇಳಿದ ಮಾಸ್ಕು ಒಗ್ಗುವವರೆಗೆ ಕ್ರೇನ್ ಹತ್ತುವಂತಿಲ್ಲ. "ನನ್ನ ಕೆಲಸಕ್ಕೇ ಕಲ್ಲು ಹಾಕಿದೆ" ಎಂದ ನಿಮ್ಮಪ್ಪ ಆಮೇಲೆ ಮಾತೇ ಆಡಿಲ್ಲ. ಮಾತು ನಿಂತರೆ ನಿಲ್ಲಲಿ.

ಇಂತಿ,
ಯಾರಿಗೂ ಬಗ್ಗದ ನಿನ್ನ ಅಮ್ಮ

ತಾ.ಕ.: ಮೊದಲ ರಾತ್ರಿಯ ನಾಲ್ಕು ಅವರದಲ್ಲ. ಉಸಿರು ತಡೆದಾಗಲೆಲ್ಲ ಮೊಣಕೈಯಿಂದ ತಿವಿದು ಮಗ್ಗುಲು ಹೊರಳಿಸಿದ್ದೆ. ಎಷ್ಟೋ ವರ್ಷದ ರೂಢಿ, ನಿದ್ದೆಗಣ್ಣಲ್ಲೇ ಕೈ ಓಡುತ್ತದೆ. ನಿನ್ನ ಫೋನ್ ಬಂದಾಗಲೇ ಅದು ಹೊಳೆದಿತ್ತು. ಅದಕ್ಕೇ ಅಷ್ಟು ಕೂಗಾಡಿದೆ. ಉಳಿದೆರಡು ರಾತ್ರಿ ಕೈ ಕಟ್ಟಿ ಕೂತೆ. ಇಪ್ಪತ್ತೊಂಬತ್ತರಲ್ಲೂ ಹದಿಮೂರರಲ್ಲೂ ನನ್ನ ಕೈವಾಡವಿಲ್ಲ. ಇದನ್ನು ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ನೀನು ಬಾಯಿ ಬಿಡಬೇಡ.